ಹಿಮಾಲಯದ ಹೊಳೆಗಳು ಸಂತೆಗೆ ಬಂದ ಕಥೆ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಒಂದು ಇಡೀ ದೇಶವನ್ನೇ ಉದಾಹರಣೆಯಾಗಿ ಕೊಡಬೇಕಾಗಿದ್ದರೆ ಕೆಲವು ವರ್ಷಗಳ ಹಿಂದಿನ ತನಕ ನಮ್ಮ ನೆರೆಯ ನೇಪಾಳವನ್ನು ಧಾರಾಳವಾಗಿ ಕೊಡಬಹುದಾಗಿತ್ತು. ಕೋಶಿ, ಗಂಡಕಿ, ಕರ್ನಾಲಿ ಎಂಬ ಮೂರು ಮಹಾನದಿಗಳು ಹಿಮದ ತಪ್ಪಲಿನಿಂದ ಇಳಿದು ಬರುವ ನಾಡು ಅದು. ನೀರು ಎತ್ತರದಿಂದ ಬೀಳುವಲ್ಲಿ ವಿದ್ಯುಚ್ಛಕ್ತಿ ಇದೆ ಎಂಬುದು ಹೈಸ್ಕೂಲಿನ ಮಕ್ಕಳಿಗೂ ಗೊತ್ತಿರುವ ವಿಷಯ. 1966ರಷ್ಟು ಹಿಂದೆಯೇ ಹರಿಮಾನ್ ಶ್ರೇಷ್ಠ ಎಂಬ ನೇಪಾಳಿ ಇಂಜಿನಿಯರರು ತಮ್ಮ ಸಂಶೋಧನಾ ಪ್ರಬಂಧದಲ್ಲಿ ಆ ದೇಶದ ಹೊಳೆಗಳಲ್ಲಿ ಒಟ್ಟು 83,000 ಮೆಗಾವಾಟ್‌ಗಳಷ್ಟು ಶಕ್ತಿ ಅಡಗಿದೆ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಅದರಲ್ಲಿ ಲಾಭದಾಯಕವಾಗಿ ಉತ್ಪಾದಿಸಬಹುದಾದುದು ಸುಮಾರು 42,000 ಮೆಗಾವಾಟ್ ಎಂಬ ಮಾತು ಅಂದಿನಿಂದ ಇಂದಿನವರೆಗೂ ಅಲ್ಲಿ ಮಂತ್ರದಂತೆ ಜಪಿಸಲ್ಪಡುತ್ತಿದೆ.

ಆದರೆ ಮಂತ್ರದಿಂದ ಮಾವಿನಕಾಯಿ ಉದುರುವುದಿಲ್ಲ. ಅಂಥ ನೇಪಾಳದಲ್ಲಿ ಜನರು ದಿನದ ಮೂರರಲ್ಲೆರಡು ಪಾಲನ್ನು ಕರೆಂಟಿಲ್ಲದೆ ಕಳೆದ ಕಾಲವಿತ್ತು. ಅದೇ ನೇಪಾಳ ಇಂದು ಮಳೆಗಾಲದಲ್ಲಿ ಭಾರತಕ್ಕೂ ಬಾಂಗ್ಲಾದೇಶಕ್ಕೂ ವಿದ್ಯುತ್ತನ್ನು ಮಾರುತ್ತಿದೆ. ಈ ಬದಲಾವಣೆ ಹೇಗೆ ಆಯಿತು, ಒಂದು ಚಿಕ್ಕ ದೇಶ ನೆರೆಯ ದೊಡ್ಡ ಮಾರುಕಟ್ಟೆಯನ್ನು ಸೇರಿದಾಗ ಅದಕ್ಕೆ ಸಿಕ್ಕಿದ್ದೇನು, ಸಿಗದೆ ಹೋದದ್ದೇನು ಎಂಬುದನ್ನು ತಿಳಿಯುವುದು ಕುತೂಹಲಕ್ಕಾಗಿ ಮಾತ್ರವಲ್ಲ, ನಮ್ಮ ಮನೆಯ ದೀಪದ ಲೆಕ್ಕ ತಿಳಿಯುವುದಕ್ಕೂ ಉಪಯುಕ್ತವಾಗಿದೆ.

ಕತ್ತಲೆಯ ಹತ್ತು ವರ್ಷ

ನೇಪಾಳಕ್ಕೆ ವಿದ್ಯುತ್ತು ತಡವಾಗಿ ಬಂದದ್ದೇನೂ ಅಲ್ಲ. ಕಠ್ಮಂಡುವಿನ ಸಮೀಪದ ಫರ್ಪಿಂಗ್ ಎಂಬಲ್ಲಿ 500 ಕಿಲೋವಾಟ್‌ನ ಜಲವಿದ್ಯುತ್ ಕೇಂದ್ರವೊಂದು 1911ರಲ್ಲಿಯೇ ಆರಂಭವಾಗಿತ್ತು. ಆದರೆ ಆ ಬೆಳಕು ಅರಮನೆ ಮತ್ತು ಶ್ರೀಮಂತರ ಸೌಧಗಳಿಗೆ ಸೀಮಿತವಾಗಿತ್ತು. ಮುಂದಿನ ದಶಕಗಳಲ್ಲಿ ಕೇಂದ್ರಗಳು ಒಂದೊಂದಾಗಿ ಬಂದರೂ ಜನರ ಬೇಡಿಕೆ ಅವುಗಳಿಗಿಂತ ವೇಗವಾಗಿ ಬೆಳೆಯಿತು. 1985ರಲ್ಲಿ ನೇಪಾಳ ವಿದ್ಯುತ್ ಪ್ರಾಧಿಕಾರ ಸ್ಥಾಪನೆಯಾಯಿತು. ಅನಂತರದ ವರ್ಷಗಳಲ್ಲಿ ರಾಜಕೀಯ ಅಸ್ಥಿರತೆ, ಹತ್ತು ವರ್ಷಗಳ ಮಾವೋವಾದಿ ಸಂಘರ್ಷ, ಹಣದ ಮುಗ್ಗಟ್ಟು ಇವೆಲ್ಲ ಸೇರಿ ಹೊಸ ಕೇಂದ್ರಗಳ ಕೆಲಸ ಕುಂಟುತ್ತಾ ಸಾಗಿತು. ಅರುಣ್-3 ಎಂಬ ದೊಡ್ಡ ಯೋಜನೆಯಿಂದ 1995ರಲ್ಲಿ ವಿಶ್ವಬ್ಯಾಂಕು ಹಿಂದೆ ಸರಿದದ್ದು ಮತ್ತೊಂದು ಪೆಟ್ಟಾಯಿತು.

2008ರ ಆಗಸ್ಟಿನಲ್ಲಿ ಕೋಶಿ ನದಿಯು ದಂಡೆಯ ಕಟ್ಟೆಯನ್ನು ಒಡೆದು ಹರಿದಾಗ, ಭಾರತದಿಂದ ಕರೆಂಟು ತರುತ್ತಿದ್ದ ತಂತಿಯ ಗೋಪುರಗಳೂ ಕೊಚ್ಚಿ ಹೋದವು. ಆ ಚಳಿಗಾಲದಲ್ಲಿ ಸರಕಾರವು ವಿದ್ಯುತ್ ಸಂಕಟವನ್ನು ರಾಷ್ಟ್ರೀಯ ಬಿಕ್ಕಟ್ಟೆಂದು ಘೋಷಿಸಬೇಕಾಯಿತು. 2009ರ ಆರಂಭದಲ್ಲಿ ಕರೆಂಟು ಕಡಿತ ದಿನಕ್ಕೆ 16 ಗಂಟೆಗಳನ್ನು ಮುಟ್ಟಿತು. ಇನ್ನುಳಿದ ಎಂಟು ಗಂಟೆಗಳಾದರೂ ಹಗಲಿನಲ್ಲಿ ಬಂದಾವೇ, ನಡುರಾತ್ರಿಯಲ್ಲಿ ಬಂದಾವೇ ಎಂಬುದು ವೇಳಾಪಟ್ಟಿಯನ್ನು ಅವಲಂಬಿಸಿತ್ತು. ಅಕ್ಕಿ ಗಿರಣಿಯವನು ರಾತ್ರಿ ಎರಡು ಗಂಟೆಗೆ ಎದ್ದು ಯಂತ್ರ ಓಡಿಸುವುದು, ಮಕ್ಕಳು ಮೊಂಬತ್ತಿಯ ಬೆಳಕಿನಲ್ಲಿ ಪರೀಕ್ಷೆಗೆ ಓದುವುದು, ಸ್ಥಿತಿವಂತರ ಮನೆಗಳಲ್ಲಿ ಬ್ಯಾಟರಿ ಇನ್‌ವರ್ಟರುಗಳು ಸಾಲುಗಟ್ಟುವುದು ಅಲ್ಲಿನ ನಿತ್ಯಜೀವನವಾಯಿತು.

ಹಲಸಿನ ಹಣ್ಣಿನ ಪಾಡು

ಇಷ್ಟೆಲ್ಲ ನೀರಿದ್ದೂ ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ನಮ್ಮ ಹಿತ್ತಿಲಿನಲ್ಲಿಯೇ ಇದೆ. ನಮ್ಮ ಪಯಸ್ವಿನಿಯನ್ನೋ ಶಿರಿಯಾ ಹೊಳೆಯನ್ನೋ ಆಷಾಢದಲ್ಲಿ ನೋಡಿದವರು ಅದನ್ನು ಏಪ್ರಿಲ್ ತಿಂಗಳಲ್ಲಿ ನೋಡಿದರೆ ಗುರುತು ಹಿಡಿಯಲಾರರು. ಆ ಕಾರಣದಿಂದಲೇ ನಮ್ಮ ಹಿರಿಯರು ಮಳೆ ನಿಂತ ಮೇಲೆ ಹೊಳೆಗಳಿಗೆ ಅಡ್ಡಲಾಗಿ ಕಟ್ಟಗಳನ್ನು ಹಾಕಿ, ಬೇಸಿಗೆಯ ಅಡಿಕೆ ತೋಟಕ್ಕೆ ನೀರು ಉಳಿಸಿಕೊಂಡರು.

ನೇಪಾಳದ ವಿದ್ಯುತ್ ಕೇಂದ್ರಗಳಲ್ಲಿ ಹೆಚ್ಚಿನವುಗಳಿಗೆ ಇಂಥ ಕಟ್ಟವೇ ಇಲ್ಲ. ಹರಿಯುವ ಹೊಳೆಯ ನೀರನ್ನು ಹಾಗೆಯೇ ಕಾಲುವೆಗೋ ಸುರಂಗಕ್ಕೋ ತಿರುಗಿಸಿ, ಕೊಳವೆಯಲ್ಲಿ ಕೆಳಗಿಳಿಸಿ, ಟರ್ಬೈನನ್ನು ತಿರುಗಿಸಿ ಮತ್ತೆ ಹೊಳೆಗೇ ಬಿಡುವ ಕೇಂದ್ರಗಳು ಅವು. ದೊಡ್ಡ ಜಲಾಶಯದಲ್ಲಿ ನೀರು ಹಿಡಿದಿಟ್ಟು ಬೇಕಾದಾಗ ಬಿಡುವ ಏರ್ಪಾಡು ಕುಲೇಖಾನಿ ಎಂಬ ಕಡೆ ಮಾತ್ರ ಇದೆ. 1982ರಲ್ಲಿ ಮೊದಲ ಕೇಂದ್ರ ಆರಂಭವಾದ ಅಲ್ಲಿ ಮೂರು ಕೇಂದ್ರಗಳು ಸೇರಿ 106 ಮೆಗಾವಾಟ್ ಮಾತ್ರ. ಹಾಗಾಗಿ ಮಳೆಗಾಲದಲ್ಲಿ ಭೋರ್ಗರೆದು ಓಡುವ ಯಂತ್ರಗಳು ಚಳಿಗಾಲ ಬಂದು ಹಿಮ ಹೆಪ್ಪುಗಟ್ಟಿದಾಗ ತಮ್ಮ ಸಾಮರ್ಥ್ಯದ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತವೆ. ಜನರಿಗೆ ಬೆಳಕೂ ಶಾಖವೂ ಹೆಚ್ಚು ಬೇಕಾದ ಕಾಲವೇ ಅದು.

ಇನ್ನೊಂದು ಕಷ್ಟವೂ ಉಂಟು. ಮಳೆಗಾಲದಲ್ಲಿ ತಯಾರಾಗುವ ಹೆಚ್ಚುವರಿ ವಿದ್ಯುತ್ತನ್ನು ಏನು ಮಾಡುವುದು? ತರಗತಿಯಲ್ಲಿ ವಿದ್ಯುತ್ತಿನ ಪಾಠ ಬಂದಾಗ ಪ್ರತಿವರ್ಷವೂ ಒಬ್ಬನಾದರೂ ಹುಡುಗ ಎದ್ದು ನಿಂತು, "ಮಾಷ್ಟ್ರೇ, ಕರೆಂಟನ್ನು ಗೋಣಿಯಲ್ಲಿ ತುಂಬಿ ಇಡ್ಲಿಕ್ಕೆ ಆಗುವುದಿಲ್ವಾ?" ಎಂದು ಕೇಳುವುದುಂಟು. ಮಕ್ಕಳು ನಗುತ್ತಾರೆ, ಆದರೆ ಪ್ರಶ್ನೆ ನಗುವಂಥದಲ್ಲ. ಅಡಿಕೆಯನ್ನು ಒಣಗಿಸಿ ಅಟ್ಟಕ್ಕೇರಿಸಿ, ಧಾರಣೆ ಏರಿದಾಗ ಇಳಿಸಿ ಮಾರಬಹುದು. ವಿದ್ಯುತ್ತು ಅಡಿಕೆಯಂತಲ್ಲ. ತಯಾರಾದ ಕ್ಷಣದಲ್ಲಿಯೇ ಎಲ್ಲಿಯಾದರೂ ಖರ್ಚಾಗಬೇಕು. ಬ್ಯಾಟರಿಗಳು ಈಗ ಬಂದಿವೆಯಾದರೂ ಒಂದು ದೇಶದ ನಾಲ್ಕು ತಿಂಗಳ ಮಳೆಯನ್ನು ಅವುಗಳಲ್ಲಿ ತುಂಬಿಡುವಂತಿಲ್ಲ. ಆದ್ದರಿಂದ ಅದನ್ನು ನಮ್ಮ ಹಲಸಿನ ಹಣ್ಣಿಗೆ ಹೋಲಿಸುವುದು ಸರಿ. ಮಳೆ ಹಿಡಿದ ದಿನಗಳಲ್ಲಿ ಪ್ರತಿ ಮನೆಯ ಮರದಲ್ಲೂ ಹಣ್ಣು. ನೆರೆಮನೆಗೆ ಕೊಂಡುಹೋದರೆ ಅಲ್ಲಿಯೂ ಅದೇ ರಾಶಿ. ದೂರದ ಪೇಟೆಗೆ ಸಾಗಿಸುವ ದಾರಿ ಇದ್ದರೆ ಹಣ, ಇಲ್ಲದಿದ್ದರೆ ಮರದ ಬುಡದಲ್ಲಿ ಕೊಳೆಯುವುದೇ ಗತಿ. ನೇಪಾಳದಲ್ಲಿ ಹೀಗೆ ಟರ್ಬೈನಿಗೆ ಹೋಗದೆ ವ್ಯರ್ಥವಾಗಿ ಹರಿದುಹೋಗುವ ನೀರನ್ನು ಪೋಲಾದ ವಿದ್ಯುತ್ತೆಂದೇ ಲೆಕ್ಕ ಹಿಡಿಯುತ್ತಾರೆ. ಖಾಸಗಿ ಕೇಂದ್ರಗಳೊಡನೆ ಮಾಡಿಕೊಂಡ ಅನೇಕ ಒಪ್ಪಂದಗಳ ಪ್ರಕಾರ, ಕರೆಂಟನ್ನು ತೆಗೆದುಕೊಂಡರೂ ಬಿಟ್ಟರೂ ಪ್ರಾಧಿಕಾರವು ಹಣ ತೆರಬೇಕು. ನೀರೂ ಹೋಯಿತು, ಹಣವೂ ಹೋಯಿತು.

ದಾರಿ ತೆರೆದ ತಂತಿ

ಪೇಟೆಗೆ ಹೋಗಲು ಮೊದಲು ರಸ್ತೆ ಬೇಕು. ವಿದ್ಯುತ್ತಿಗೆ ತಂತಿಯೇ ರಸ್ತೆ. ನೇಪಾಳಕ್ಕೂ ಬಿಹಾರ, ಉತ್ತರ ಪ್ರದೇಶಗಳಿಗೂ ನಡುವೆ ಹಳೆಯ ಸಣ್ಣ ತಂತಿಗಳಿದ್ದವು. ಅವು ಗಡಿಯ ಊರುಗಳಿಗೆ ಸಾಕಾಗುವ ಕಾಲುದಾರಿಗಳು. 2014ರ ಅಕ್ಟೋಬರಿನಲ್ಲಿ ಎರಡೂ ದೇಶಗಳು ವಿದ್ಯುತ್ ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದವು. ನೇಪಾಳದ ಢಲ್ಕೇಬರ್‌ನಿಂದ ಬಿಹಾರದ ಮುಜಫ್ಫರಪುರಕ್ಕೆ 400 ಕಿಲೋವೋಲ್ಟ್ ಸಾಮರ್ಥ್ಯದ ಹೆದ್ದಾರಿಯಂಥ ತಂತಿ ಮಾರ್ಗವು 2016ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು. ಮೊದಲು ಅದನ್ನು 132 ಕಿಲೋವೋಲ್ಟಿನಲ್ಲಿ ನಡೆಸಿ 80 ಮೆಗಾವಾಟ್ ಮಾತ್ರ ತಂದರು. 2018ರಲ್ಲಿ 220ಕ್ಕೆ, 2020ರಲ್ಲಿ ಪೂರ್ಣ 400 ಕಿಲೋವೋಲ್ಟಿಗೆ ಏರಿಸಿದರು.

ಈ ತಂತಿ ಉದ್ಘಾಟನೆಯಾದ ಸಂದರ್ಭವನ್ನು ಮರೆಯಬಾರದು. 2015ರ ಸೆಪ್ಟೆಂಬರಿನಿಂದ ಕೆಲವು ತಿಂಗಳ ಕಾಲ ಗಡಿಯಲ್ಲಿ ಸರಕು ಸಾಗಾಟ ಸ್ಥಗಿತಗೊಂಡು ನೇಪಾಳದಲ್ಲಿ ಅಡುಗೆ ಗ್ಯಾಸ್, ಪೆಟ್ರೋಲುಗಳಿಗೆ ಹಾಹಾಕಾರವೆದ್ದಿತ್ತು. ಜನರು ಸೌದೆ ಒಲೆಗೆ ಮರಳಿದ್ದರು. ಕರೆಂಟಿನ ಒಲೆ ಕೊಂಡವರಿಗೆ ಕರೆಂಟಿರಲಿಲ್ಲ. ಆ ಕಹಿ ಆರುವ ಮೊದಲೇ ಅದೇ ಗಡಿಯನ್ನು ದಾಟಿ ಕರೆಂಟು ಬಂತು. ನೆರೆಯವರ ಮೇಲಿನ ಅವಲಂಬನೆಯ ಎರಡು ಮುಖಗಳನ್ನೂ ನೇಪಾಳಿಗಳು ಒಂದೇ ಚಳಿಗಾಲದಲ್ಲಿ ಕಂಡರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಕುಲ್‌ಮಾನ್ ಘೀಸಿಂಗ್ ಎಂಬ ಇಂಜಿನಿಯರರು ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾದರು. ಇದ್ದ ಕರೆಂಟನ್ನೇ ಸರಿಯಾಗಿ ಹಂಚುವುದು ಅವರ ಮೊದಲ ಕೆಲಸವಾಯಿತು. ಮನೆಗಳು ಕತ್ತಲೆಯಲ್ಲಿರುವಾಗ ಕೆಲವು ಕಾರ್ಖಾನೆಗಳಿಗೆ ಪ್ರತ್ಯೇಕ ತಂತಿಯಲ್ಲಿ ನಿರಂತರವಾಗಿ ಹೋಗುತ್ತಿದ್ದ ಸರಬರಾಜಿಗೆ ಕಡಿವಾಣ ಬಿತ್ತು. ಭಾರತದಿಂದ ಬಂದ ಕರೆಂಟೂ ಕೈಗೂಡಿತು. ಆ ವರ್ಷದ ದೀಪಾವಳಿಯ ವೇಳೆಗೆ ಕಠ್ಮಂಡುವಿನಲ್ಲಿ ದೀಪ ಆರಲಿಲ್ಲ. 2018ರಲ್ಲಿ ಇಡೀ ದೇಶವೇ ಲೋಡ್ ಶೆಡ್ಡಿಂಗಿನಿಂದ ಮುಕ್ತವಾಯಿತೆಂದು ಸಾರಲಾಯಿತು.

ಕಾಲು ಗಂಟೆಗೊಂದು ಧಾರಣೆ

ಇಲ್ಲಿಯವರೆಗೆ ನಡೆದದ್ದು ಕೊಳ್ಳುವ ಮಾತು. ಅದೂ ಮೊದಲೇ ನಿಗದಿಯಾದ ದರದಲ್ಲಿ, ಸರಕಾರಿ ಸಂಸ್ಥೆಗಳ ನಡುವೆ. ಮಾರುಕಟ್ಟೆ ಎಂಬುದು ಬೇರೆಯೇ ವ್ಯವಸ್ಥೆ. ಭಾರತದಲ್ಲಿ 2008ರಿಂದ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಎಂಬ ವಿದ್ಯುತ್ ವಿನಿಮಯ ಕೇಂದ್ರ ನಡೆಯುತ್ತಿದೆ. ಅಡಿಕೆ ಮಂಡಿಯಲ್ಲಿ ಮಾಲು ಕಣ್ಣೆದುರು ಇರುತ್ತದೆ. ಇಲ್ಲಿ ಮಾಲು ನಾಳೆಯದು, ವ್ಯಾಪಾರ ಇಂದಿನದು.

ಅದು ನಡೆಯುವ ಬಗೆ ಹೀಗಿದೆ. ನಾಳೆಯ 24 ಗಂಟೆಗಳನ್ನು ಕಾಲು ಕಾಲು ಗಂಟೆಯಂತೆ 96 ತುಂಡುಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ತುಂಡಿಗೂ ಮಾರುವವರು ಇಷ್ಟು ಕರೆಂಟನ್ನು ಇಷ್ಟಕ್ಕೆ ಕಡಿಮೆಯಿಲ್ಲದ ದರದಲ್ಲಿ ಕೊಡಬಲ್ಲೆವೆಂದೂ, ಕೊಳ್ಳುವವರು ಇಷ್ಟಕ್ಕಿಂತ ಹೆಚ್ಚು ತೆರಲಾರೆವೆಂದೂ ಇಂದೇ ತಿಳಿಸುತ್ತಾರೆ. ಅಗ್ಗದ ಮಾಲಿನಿಂದ ಆರಂಭಿಸಿ ಮೇಲೇರುತ್ತಾ ಹೋಗಿ, ಕೊಡುವವರ ಲೆಕ್ಕವೂ ಕೊಳ್ಳುವವರ ಲೆಕ್ಕವೂ ಎಲ್ಲಿ ಸಂಧಿಸುತ್ತವೆಯೋ ಅಲ್ಲಿ ಧಾರಣೆ ನಿಲ್ಲುತ್ತದೆ. ಆ ತುಂಡಿನಲ್ಲಿ ಮಾರಿದವರೆಲ್ಲರಿಗೂ ಅದೇ ದರ. ಎರಡು ರೂಪಾಯಿಗೆ ಕೊಡಲು ಸಿದ್ಧನಿದ್ದವನಿಗೂ ಆರು ರೂಪಾಯಿಯ ಧಾರಣೆ ನಿಂತರೆ ಆರು ರೂಪಾಯಿಯೇ ಸಿಗುತ್ತದೆ. ಮಧ್ಯಾಹ್ನ ಸೂರ್ಯಶಕ್ತಿಯ ಕರೆಂಟು ರಾಶಿ ಬೀಳುವಾಗ ಧಾರಣೆ ಇಳಿಯುವುದೂ, ಸಂಜೆ ಮನೆಮನೆಯಲ್ಲಿ ದೀಪ, ಫ್ಯಾನುಗಳು ತಿರುಗುವಾಗ ಏರುವುದೂ ಇಂದಿನ ವಾಡಿಕೆ.

ತಂತಿ ತುಂಬಿ ಹೋದರೆ ಇನ್ನೊಂದು ಚಮತ್ಕಾರ ನಡೆಯುತ್ತದೆ. ಅಗ್ಗದ ಕರೆಂಟು ಇರುವ ಕಡೆಯಿಂದ ಬೇಕಾದ ಕಡೆಗೆ ಸಾಗಿಸಲು ಜಾಗವಿಲ್ಲದಾಗ ಮಾರುಕಟ್ಟೆ ಒಡೆದು, ಆಚೆಗೊಂದು ದರ, ಈಚೆಗೊಂದು ದರ ಆಗುತ್ತದೆ. ದಕ್ಷಿಣ ಭಾರತಕ್ಕೆ ಸಾಕಷ್ಟು ತಂತಿಗಳಿಲ್ಲದ ವರ್ಷಗಳಲ್ಲಿ ನಾವು ಉತ್ತರದವರಿಗಿಂತ ಹೆಚ್ಚಿನ ಬೆಲೆ ತೆತ್ತದ್ದು ಈ ಕಾರಣದಿಂದಲೇ.

ಬಾಗಿಲಿನ ಕಾವಲು

ಈ ಸಂತೆಗೆ ನೇಪಾಳ ಕೊಳ್ಳುವವನಾಗಿ ಬಂದದ್ದು 2021ರ ಏಪ್ರಿಲಿನಲ್ಲಿ. ಭಾರತದ ಹೊರಗಿನಿಂದ ಬಂದ ಮೊದಲ ಗಿರಾಕಿ ಅದೇ. ಮಾರುವವನಾಗಿ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ತಂತಿ ಸಿದ್ಧವಾದರೂ ಇಷ್ಟು ತಡವಾದುದೇಕೆಂದರೆ, ನಿಯಮ ಸಿದ್ಧವಾಗಿರಲಿಲ್ಲ. 2016ರ ಕೊನೆಯಲ್ಲಿ ಭಾರತವು ಹೊರಡಿಸಿದ ಗಡಿಯಾಚೆಯ ವ್ಯಾಪಾರದ ಮಾರ್ಗಸೂಚಿಗಳು ಬಹಳ ಬಿಗಿಯಾಗಿವೆಯೆಂದು ನೇಪಾಳ, ಭೂತಾನಗಳು ಆಕ್ಷೇಪಿಸಿದವು. 2018ರಲ್ಲಿ ಅವುಗಳನ್ನು ಸಡಿಲಿಸಿ ಹೊಸದಾಗಿ ಬರೆಯಲಾಯಿತು. ಅನುಷ್ಠಾನದ ಕ್ರಮಗಳು ಪ್ರಕಟವಾಗುವಾಗ 2021 ಬಂದಿತ್ತು.

ಮೊದಲ ಸಲ ಮಾರಲು ಅನುಮತಿ ಸಿಕ್ಕಿದ್ದು ತ್ರಿಶೂಲಿ ಮತ್ತು ದೇವಿಘಾಟ್ ಎಂಬ ಎರಡು ಹಳೆಯ ಕೇಂದ್ರಗಳ 39 ಮೆಗಾವಾಟಿಗೆ. ಈ ಎರಡೂ ಕೇಂದ್ರಗಳು ಭಾರತದ ನೆರವಿನಿಂದಲೇ ಕಟ್ಟಲ್ಪಟ್ಟವುಗಳೆಂಬುದು ಗಮನಾರ್ಹ. ಒಂದು ಮೆಗಾವಾಟ್ ಯಂತ್ರ ಒಂದು ಗಂಟೆ ಪೂರ್ತಿ ಓಡಿದರೆ 1,000 ಯೂನಿಟ್ ಕರೆಂಟು. ಆ ಲೆಕ್ಕದಲ್ಲಿ 39 ಮೆಗಾವಾಟ್ ದಿನವಿಡೀ ಓಡಿದರೆ ಒಂಬತ್ತು ಲಕ್ಷದ ಮೂವತ್ತಾರು ಸಾವಿರ ಯೂನಿಟ್. ಭಾರತದ ಮಾರುಕಟ್ಟೆಗೆ ಇದು ಸಮುದ್ರಕ್ಕೆ ಸುರಿದ ಒಂದು ಕೊಡ ನೀರು. ನೇಪಾಳಕ್ಕಾದರೋ ನೂರು ವರ್ಷಗಳಿಂದ ಕಂಡ ಕನಸಿನ ಮೊದಲ ಕಂತು. 2022ರಲ್ಲಿ ಅನುಮತಿಯನ್ನು ಇನ್ನಷ್ಟು ಕೇಂದ್ರಗಳಿಗೆ ವಿಸ್ತರಿಸಿ 364 ಮೆಗಾವಾಟಿಗೆ ಏರಿಸಲಾಯಿತು. ಅನಂತರವೂ ಅದು ಹೆಚ್ಚುತ್ತಾ ಬಂದಿದೆ.

ಆದರೆ ಬಾಗಿಲಲ್ಲಿ ಕಾವಲಿದೆ. ಯಾವ ಕೇಂದ್ರದ ಕರೆಂಟನ್ನು ಮಾರಬಹುದು ಎಂಬುದನ್ನು ಒಂದೊಂದಾಗಿ ಪರಿಶೀಲಿಸಿ ಒಪ್ಪಿಗೆ ಕೊಡುವುದು ಭಾರತ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಚೀನದ ಬಂಡವಾಳವಾಗಲಿ ಚೀನದ ಗುತ್ತಿಗೆದಾರರಾಗಲಿ ಸೇರಿಕೊಂಡ ಕೇಂದ್ರಗಳ ಕರೆಂಟು ಭಾರತಕ್ಕೆ ಬೇಡ. ಗಡಿಯ ಸುರಕ್ಷತೆಯ ದೃಷ್ಟಿಯಿಂದ ಭಾರತ ಹೀಗೆ ಯೋಚಿಸುವುದಕ್ಕೆ ಕಾರಣಗಳಿರಬಹುದು. ನೇಪಾಳದವರ ಸಂಕಟವೂ ಸುಳ್ಳಲ್ಲ. ಆ ದೇಶದ ಅತಿ ದೊಡ್ಡ ಕೇಂದ್ರವಾದ ಅಪ್ಪರ್ ತಾಮಾಕೋಶಿಯನ್ನು ನೋಡಿ. 2021ರಲ್ಲಿ ಪೂರ್ಣಗೊಂಡ 456 ಮೆಗಾವಾಟ್‌ನ ಈ ಕೇಂದ್ರವನ್ನು ಅವರು ತಮ್ಮದೇ ಹಣದಿಂದ ಕಟ್ಟಿದರು. ನೌಕರರ ಭವಿಷ್ಯನಿಧಿಯ ಹಣ, ಸಾಮಾನ್ಯ ಜನರು ಕೊಂಡ ಶೇರುಗಳು ಅದರಲ್ಲಿವೆ. ಆದರೆ ಕಟ್ಟಡದ ಕೆಲಸದ ಗುತ್ತಿಗೆ ಚೀನದ ಕಂಪೆನಿಗೆ ಹೋಗಿತ್ತು. ಹಾಗಾಗಿ ಅದರ ಕರೆಂಟಿಗೆ ಭಾರತದ ಸಂತೆಯ ಬಾಗಿಲು ತೆರೆಯಲಿಲ್ಲ.

ತಂತಿಯೊಳಗೆ ಸೇರಿದ ಮೇಲೆ ಕರೆಂಟಿಗೆ ಊರು, ಮನೆತನ ಇಲ್ಲವೆಂಬುದನ್ನು ಬಲ್ಲವರು ಇದನ್ನು ಓದಿ ನಗಬಹುದು. ನಿಜ, ತಾಮಾಕೋಶಿಯ ಕರೆಂಟನ್ನು ಊರಿನಲ್ಲಿ ಉರಿಸಿ, ಒಪ್ಪಿಗೆ ಪಡೆದ ಕೇಂದ್ರಗಳದ್ದನ್ನು ಸಂತೆಗೆ ಕಳಿಸಿದರಾಯಿತು. ಲೆಕ್ಕದ ಪುಸ್ತಕದಲ್ಲಿ ಅದು ಸರಿಹೋಗುತ್ತದೆ. ಆದರೆ ಮಾರಬಹುದಾದ ಒಟ್ಟು ಪ್ರಮಾಣಕ್ಕೆ ಮಿತಿ ಬೀಳುವುದು ಅಲ್ಲಿಯೇ. ಮುಂದೆ ಕಟ್ಟುವ ಕೇಂದ್ರಕ್ಕೆ ಯಾರಿಂದ ಸಾಲ ತರಬೇಕು, ಯಾರಿಗೆ ಗುತ್ತಿಗೆ ಕೊಡಬೇಕು ಎಂಬ ತೀರ್ಮಾನಕ್ಕೂ ಆ ಮಿತಿಯೇ ದಾರಿ ತೋರಿಸುತ್ತದೆ. ಒಬ್ಬನೇ ಗಿರಾಕಿ ಇರುವ ಅಂಗಡಿಯವನು ಆ ಗಿರಾಕಿಯ ಇಷ್ಟವನ್ನು ಕೇಳಿಯೇ ಸಾಮಾನು ತರಬೇಕಾಗುತ್ತದೆ.

ಎರಡನೆಯ ಗಿರಾಕಿ

ಆದ್ದರಿಂದಲೇ 2024ರ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ನಡೆದ ತ್ರಿಪಕ್ಷ ಒಪ್ಪಂದವು ಅದರ ಗಾತ್ರಕ್ಕೆ ಮೀರಿದ ಮಹತ್ವವನ್ನು ಪಡೆಯಿತು. ನೇಪಾಳ ವಿದ್ಯುತ್ ಪ್ರಾಧಿಕಾರ, ಭಾರತದ ಎನ್.ಟಿ.ಪಿ.ಸಿ. ವಿದ್ಯುತ್ ವ್ಯಾಪಾರ ನಿಗಮ, ಬಾಂಗ್ಲಾದೇಶದ ವಿದ್ಯುತ್ ಅಭಿವೃದ್ಧಿ ಮಂಡಳಿ ಈ ಮೂರೂ ಸೇರಿ ಅದಕ್ಕೆ ಸಹಿ ಹಾಕಿದವು. ಪ್ರತಿವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ, ಐದು ವರ್ಷಗಳ ಕಾಲ, 40 ಮೆಗಾವಾಟ್ ಕರೆಂಟನ್ನು ನೇಪಾಳವು ಬಾಂಗ್ಲಾದೇಶಕ್ಕೆ ಕೊಡಬೇಕು. ಯೂನಿಟಿಗೆ ಅಮೆರಿಕದ 6.40 ಸೆಂಟ್ ದರ. ವರ್ಷಕ್ಕೆ ಸುಮಾರು 14 ಕೋಟಿ 40 ಲಕ್ಷ ಯೂನಿಟ್, ಸುಮಾರು 92 ಲಕ್ಷ ಡಾಲರ್. ಆ ವರ್ಷ ನವೆಂಬರ್ 15ರಂದು ಒಂದೇ ಒಂದು ದಿನ, ಹರಕೆ ಸಲ್ಲಿಸಿದಂತೆ, ಕರೆಂಟು ಹರಿಯಿತು. 2025ರ ಜೂನಿನಿಂದ ನಿಯಮಿತವಾಗಿ ಹೋಗತೊಡಗಿತು.

ಈ ಎರಡು ದೇಶಗಳಿಗೆ ಒಂದರೊಡನೊಂದು ಗಡಿಯೇ ಇಲ್ಲ. ನಡುವೆ ಭಾರತದ ಕಿರಿದಾದ ನೆಲಪಟ್ಟಿಯಿದೆ. ನೇಪಾಳದ ಕರೆಂಟು ಮುಜಫ್ಫರಪುರದಲ್ಲಿ ಭಾರತದ ಜಾಲವನ್ನು ಸೇರುತ್ತದೆ; ಪಶ್ಚಿಮ ಬಂಗಾಳದ ಬಹರಾಂಪುರದಿಂದ ಬಾಂಗ್ಲಾದೇಶದ ಭೇರಾಮಾರಾಕ್ಕೆ ಹೋಗುತ್ತದೆ. ದಾರಿ ಕೊಟ್ಟವರು ಭಾರತೀಯರು, ದಾರಿಸುಂಕ ತೆಗೆದುಕೊಂಡವರೂ ಅವರೇ. ಆದರೂ ನೇಪಾಳದ ಪಾಲಿಗೆ ಎರಡನೆಯ ಗಿರಾಕಿ ಸಿಕ್ಕಿದಂತಾಯಿತು. ಅದಕ್ಕೆ ಮೊದಲು, 2024ರ ಜನವರಿಯಲ್ಲಿ, ಮುಂದಿನ 10 ವರ್ಷಗಳಲ್ಲಿ ನೇಪಾಳದಿಂದ 10,000 ಮೆಗಾವಾಟ್ ಕೊಳ್ಳುವ ಉದ್ದೇಶದ ದೀರ್ಘಾವಧಿ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿತ್ತು.

ಲಾಭ ನಷ್ಟಗಳ ಲೆಕ್ಕ

ಇಷ್ಟಕ್ಕೆ ಸಿಕ್ಕಿದ ಫಲವೇನು? 2023ರ ಜುಲೈಯಿಂದ 2024ರ ಜುಲೈವರೆಗಿನ ಹಣಕಾಸು ವರ್ಷದಲ್ಲಿ ನೇಪಾಳವು ಸುಮಾರು 1,700 ಕೋಟಿ ನೇಪಾಳಿ ರೂಪಾಯಿಯ ಕರೆಂಟನ್ನು ಮಾರಿತು. ಕೊಂಡದ್ದು ಅದಕ್ಕಿಂತ ತುಸು ಕಡಿಮೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ತಕ್ಕಡಿ ನೇಪಾಳದ ಕಡೆಗೆ ಕೂದಲೆಳೆಯಷ್ಟು ವಾಲಿತು. ಮಳೆಗಾಲದಲ್ಲಿ ಮಾರಿದ ಹಣದಲ್ಲಿ ಚಳಿಗಾಲಕ್ಕೆ ಕೊಂಡರು ಎಂದು ಇದನ್ನು ಸರಳವಾಗಿ ಹೇಳಬಹುದು. ಕಟ್ಟವಿಲ್ಲದ ದೇಶಕ್ಕೆ ನೆರೆಯವರ ಮಾರುಕಟ್ಟೆಯೇ ಒಂದು ಕಟ್ಟವಾಯಿತು.

ಆದರೆ ಸಂತೆಗೆ ದಯೆಯಿಲ್ಲ. 2022ರ ಮಾರ್ಚಿನಲ್ಲಿ ಬಿಸಿಲು ಬೇಗ ಏರಿ, ಕಲ್ಲಿದ್ದಲಿನ ಕೊರತೆಯೂ ಸೇರಿಕೊಂಡು ಭಾರತದ ವಿನಿಮಯ ಕೇಂದ್ರದಲ್ಲಿ ಯೂನಿಟಿನ ಧಾರಣೆ 20 ರೂಪಾಯಿಯನ್ನು ಮುಟ್ಟಿತು. ಅಷ್ಟು ಬೆಲೆ ತೆರಲಾರದೆ ನೇಪಾಳವು ತನ್ನ ಕಾರ್ಖಾನೆಗಳಿಗೆ ಕರೆಂಟು ಕಡಿತ ಮಾಡಬೇಕಾಯಿತು. ಭಾರತದ ನಿಯಂತ್ರಣ ಆಯೋಗವು ಏಪ್ರಿಲಿನಲ್ಲಿ 12 ರೂಪಾಯಿಯ ಮಿತಿಯನ್ನೂ, ಮರುವರ್ಷ 10 ರೂಪಾಯಿಯ ಮಿತಿಯನ್ನೂ ಹೇರಿತು. ಹೊಳೆಗಳಿಗೂ ದಯೆಯಿಲ್ಲ. 2024ರ ಸೆಪ್ಟೆಂಬರ್ ಕೊನೆಯ ಭೀಕರ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಅನೇಕ ವಿದ್ಯುತ್ ಕೇಂದ್ರಗಳು ಹಾನಿಗೊಂಡು ತಾಮಾಕೋಶಿಯಂಥ ದೊಡ್ಡ ಕೇಂದ್ರವೇ ಕೆಲವು ತಿಂಗಳು ನಿಂತಿತು. 2025ರ ಜುಲೈಯಲ್ಲಿ ಚೀನದ ಗಡಿಯ ರಸುವಾದಲ್ಲಿ ಉಕ್ಕಿ ಬಂದ ಪ್ರವಾಹ ಸೇತುವೆಯನ್ನೂ ಕೇಂದ್ರಗಳನ್ನೂ ಹೊಡೆಯಿತು. ಒಂದೇ ಬೆಳೆಯನ್ನು ನಂಬಿದ ರೈತನ ಆತಂಕ ಆ ದೇಶಕ್ಕೂ ಉಂಟು.

ಹಳೆಯ ಶಂಕೆಯೊಂದು ಇನ್ನೂ ಆರಿಲ್ಲ. 1954ರ ಕೋಶಿ ಒಪ್ಪಂದದಲ್ಲಿಯೂ 1959ರ ಗಂಡಕ ಒಪ್ಪಂದದಲ್ಲಿಯೂ ತಮಗೆ ಸಿಗಬೇಕಾದುದು ಸಿಗಲಿಲ್ಲವೆಂದು ಅನೇಕ ನೇಪಾಳಿಗಳು ನಂಬುತ್ತಾರೆ. 1996ರ ಮಹಾಕಾಳಿ ಒಪ್ಪಂದದ ಪಂಚೇಶ್ವರ ಯೋಜನೆ ಇನ್ನೂ ಕಾಗದದಿಂದ ಮೇಲೆದ್ದಿಲ್ಲ. ಹೀಗಿರುವಾಗ ಕರೆಂಟನ್ನು ಹೊರಗೆ ಮಾರುವುದೇ ಬೇಡ, ಊರಿನಲ್ಲಿಯೇ ಬಳಸೋಣ ಎನ್ನುವವರೂ ಅಲ್ಲಿದ್ದಾರೆ. ಅವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಭಾರತದಲ್ಲಿ ಒಬ್ಬನ ಪಾಲಿಗೆ ವರ್ಷಕ್ಕೆ 1,300ಕ್ಕೂ ಹೆಚ್ಚು ಯೂನಿಟ್ ಬಳಕೆಯಾದರೆ ನೇಪಾಳದಲ್ಲಿ ಸುಮಾರು 400 ಯೂನಿಟ್. ಕಾರ್ಖಾನೆಗಳು ಬೆಳೆದರೆ ಅದೇ ಯೂನಿಟಿನಿಂದ ಸಾಮಾನು ತಯಾರಾಗುತ್ತದೆ, ಕೆಲಸ ಹುಡುಕಿ ಕೊಲ್ಲಿ ದೇಶಗಳಿಗೆ ಹೋಗುವ ಯುವಕರಲ್ಲಿ ಕೆಲವರಾದರೂ ಊರಲ್ಲೇ ಉಳಿಯುತ್ತಾರೆ. ಕೊಲ್ಲಿಯ ಹಣದ ಬೆಲೆಯನ್ನೂ ಅದರ ಹಿಂದಿನ ಅಗಲಿಕೆಯ ಬೆಲೆಯನ್ನೂ ನಮ್ಮ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಈಗ ನೇಪಾಳಕ್ಕೆ ಆಮದಾಗುವ ಕಾರುಗಳಲ್ಲಿ ಹೆಚ್ಚಿನವು ವಿದ್ಯುತ್ ಕಾರುಗಳು. ಪೆಟ್ರೋಲಿಗೆ ತೆರುತ್ತಿದ್ದ ಹಣ ಸ್ವಲ್ಪ ಸ್ವಲ್ಪವಾಗಿ ಹೊಳೆಯ ನೀರಿನ ಲೆಕ್ಕಕ್ಕೆ ಬರುತ್ತಿದೆ.

ನಮಗೂ ಇದಕ್ಕೂ ಏನು ನಂಟು?

ನಂಟು ತಂತಿಯದೇ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವಿನ 765 ಕಿಲೋವೋಲ್ಟಿನ ತಂತಿ ಮಾರ್ಗವು ಚಾಲನೆಗೊಂಡಾಗ, ಅದುವರೆಗೆ ಬೇರೆಯಾಗಿದ್ದ ದಕ್ಷಿಣದ ವಿದ್ಯುತ್ ಜಾಲವು ದೇಶದ ಉಳಿದ ಜಾಲದೊಡನೆ ಒಂದಾಯಿತು. ಯಕ್ಷಗಾನದ ರಂಗದಲ್ಲಿ ಚೆಂಡೆ, ಮದ್ದಳೆ, ಜಾಗಟೆಗಳು ಒಂದೇ ತಾಳಕ್ಕೆ ಕೂಡಿದಂತೆ, ಸೆಕೆಂಡಿಗೆ 50 ಆವರ್ತಗಳ ಒಂದೇ ಲಯದಲ್ಲಿ ಎಲ್ಲ ಯಂತ್ರಗಳೂ ತಿರುಗತೊಡಗಿದವು. ಢಲ್ಕೇಬರ್ ತಂತಿಯ ಮೂಲಕ ನೇಪಾಳವೂ ಅದೇ ತಾಳಕ್ಕೆ ಸೇರಿಕೊಂಡಿದೆ. ಕುಂಬಳೆಯ ಮನೆಯ ಫ್ಯಾನೂ ತ್ರಿಶೂಲಿಯ ಟರ್ಬೈನೂ ಈಗ ಒಂದೇ ಮೇಳದವು.

ತಾಳ ತಪ್ಪಿದರೆ ಎಲ್ಲರಿಗೂ ಪೆಟ್ಟು ಎಂಬುದನ್ನೂ ಮರೆಯಬಾರದು. 2012ರ ಜುಲೈ 31ರಂದು ಉತ್ತರ ಮತ್ತು ಪೂರ್ವ ಭಾರತಗಳ ಜಾಲಗಳು ಒಟ್ಟಿಗೆ ಕುಸಿದು ಸುಮಾರು 60 ಕೋಟಿ ಜನರ ನಾಡು ಕತ್ತಲೆಗೆ ಬಿದ್ದಾಗ ದಕ್ಷಿಣ ಪಾರಾದದ್ದು ಬೇರೆಯಾಗಿದ್ದುದರಿಂದ. ಕೂಡಿಕೊಂಡದ್ದರಿಂದ ಲಾಭವೂ ಹೆಚ್ಚು, ಹೊಣೆಯೂ ಹೆಚ್ಚು.

ಕೇರಳದ ಸ್ಥಿತಿಯೂ ಒಂದು ಬಗೆಯಲ್ಲಿ ನೇಪಾಳದ್ದೇ. ಮಳೆಯನ್ನು ನಂಬಿದ ಜಲವಿದ್ಯುತ್ತು ನಮ್ಮ ಮೂಲ ಬಂಡವಾಳ. ಬಳಕೆಯ ಬಹುಪಾಲು ಹೊರಗಿನಿಂದ ಕೊಂಡದ್ದು. 2024ರ ಬೇಸಿಗೆಯಲ್ಲಿ ಈ ರಾಜ್ಯದ ದಿನದ ಬಳಕೆ 11 ಕೋಟಿ ಯೂನಿಟನ್ನು ದಾಟಿದಾಗ ರಾತ್ರಿಯ ಕರೆಂಟಿಗೆ ಇಲ್ಲಿಯವರೂ ಸಂತೆಗೇ ಹೋಗಬೇಕಾಗಿತ್ತು. ಆದರೆ ಒಂದು ವ್ಯತ್ಯಾಸವಿದೆ. ಕೇರಳಕ್ಕೆ ಆ ಸಂತೆಯಲ್ಲಿ ಹಕ್ಕಿದೆ. ಯಾರ ಅನುಮತಿಗೂ ಕಾಯದೆ ಕೊಳ್ಳಬಹುದು, ಮಾರಬಹುದು. ನೇಪಾಳಕ್ಕೆ ಇರುವುದು ಅನುಮತಿ. ಹಕ್ಕಿಗೂ ಅನುಮತಿಗೂ ಇರುವ ಅಂತರವೇ ಈ ಇಡೀ ಕಥೆಯ ತಿರುಳು.

ಆದುದರಿಂದ ಒಂದು ದೇಶ ನೆರೆಯ ಮಾರುಕಟ್ಟೆಗೆ ಸೇರಿತೆಂದು ಕೇಳಿದಾಗ ಎಷ್ಟು ಮೆಗಾವಾಟ್ ಎಂದು ಮಾತ್ರ ಕೇಳಿದರೆ ಸಾಲದು. ತಂತಿ ಎಷ್ಟಿದೆ, ಗಿರಾಕಿಗಳು ಎಷ್ಟು ಮಂದಿ, ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ, ಮಾರದೆ ಉಳಿದದ್ದನ್ನು ಊರಿನಲ್ಲಿ ಬಳಸುವ ಶಕ್ತಿ ಇದೆಯೇ ಎಂಬ ಪ್ರಶ್ನೆಗಳನ್ನೂ ಕೇಳಬೇಕು. ನೇಪಾಳವು ಮೊದಲನೆಯದನ್ನು ಸಾಧಿಸಿದೆ, ಎರಡನೆಯದನ್ನು ಆರಂಭಿಸಿದೆ, ನಾಲ್ಕನೆಯದನ್ನು ಕಲಿಯುತ್ತಿದೆ. ಮೂರನೆಯದು ಅದೊಂದರಿಂದಲೇ ಆಗುವ ಕೆಲಸವಲ್ಲ. ದೊಡ್ಡ ನೆರೆಯವನಾದ ಭಾರತದ ಔದಾರ್ಯವೂ ದೂರದೃಷ್ಟಿಯೂ ಅಲ್ಲಿ ಪರೀಕ್ಷೆಗೆ ಒಳಗಾಗುತ್ತವೆ. ದಿನಕ್ಕೆ ಹದಿನಾರು ಗಂಟೆ ಕತ್ತಲೆಯಲ್ಲಿ ಕುಳಿತಿದ್ದ ಜನ ತಮ್ಮ ಹೊಳೆಯ ಬೆಳಕನ್ನು ಮೂರನೆಯ ದೇಶದ ಮನೆಗೆ ಕಳಿಸುವಷ್ಟು ದೂರ ನಡೆದು ಬಂದಿದ್ದಾರೆ. ಉಳಿದ ದಾರಿಯನ್ನು ಅವರು ಅನುಮತಿಯ ಚೀಟಿ ಹಿಡಿದು ನಡೆಯುವ ಬದಲು ಹಕ್ಕಿನಿಂದ ನಡೆಯುವಂತಾದರೆ, ಅದರ ಲಾಭ ಹಿಮಾಲಯದಲ್ಲಿ ಮಾತ್ರ ಉಳಿಯುವುದಿಲ್ಲ. ಈ ತಂತಿಗೆ ಸೇರಿದ ಎಲ್ಲ ಮನೆಗಳಿಗೂ ಅದರ ಪಾಲು ಬರುತ್ತದೆ.